ಮಾಡ್ಯುಲರ್ ಕಿಚನ್: ಮೊದಲು ಟೇಪು, ಆಮೇಲೆ ಕಂಟ್ರಾಕ್ಟರ್

ಹುಬ್ಬಳ್ಳಿಯಲ್ಲಿ ಈಗ ಯಾರ ವಾಸ್ತುಶಾಂತಿಗೆ ಹೋದರೂ ದೇವರಮನೆಗಿಂತ ಮೊದಲು ಅಡುಗೆಮನೆ ತೋರಿಸುತ್ತಾರೆ. ಡ್ರಾವರ್ ಎಳೆದು ಬಿಡುತ್ತಾರೆ, ಅದು ಸದ್ದಿಲ್ಲದೆ ತಾನೇ ಮುಚ್ಚಿಕೊಳ್ಳುತ್ತದೆ. ಚೆಂದ ಇರುತ್ತದೆ, ಇಲ್ಲ ಅನ್ನಲ್ಲ. ಎಷ್ಟಾಯ್ತು ಅಂತ ಕೇಳಿದರೆ ಮಾತ್ರ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ. ಶುರುವಿನಲ್ಲಿ ಅಂದುಕೊಂಡಿದ್ದು ಒಂದು, ಕೊನೆಗೆ ಕೊಟ್ಟಿದ್ದು ಇನ್ನೊಂದು.

ಇದೆಲ್ಲ ಕಂಟ್ರಾಕ್ಟರ್ ಮಾಡಿದ ಮೋಸ ಅಂತ ನನಗೆ ಅನ್ನಿಸುವುದಿಲ್ಲ. ಬಹಳ ಸಲ ನಾವೇ ಲೆಕ್ಕವಿಲ್ಲದೆ ಅವರ ಮುಂದೆ ಹೋಗಿ ಕೂತಿರುತ್ತೇವೆ. "ನಿಮ್ಮ ಬಜೆಟ್ ಎಷ್ಟ್ರಿ ಸರ?" ಅಂದ ಕೂಡಲೇ "ಎರಡು ಲಕ್ಷದಾಗ ಮುಗಿಸಿಕೊಡ್ರಿ" ಅಂದುಬಿಡುತ್ತೇವೆ. ಇನ್ನು ಎರಡು ಲಕ್ಷಕ್ಕಿಂತ ಕಡಿಮೆ ಕೊಟೇಶನ್ ಯಾಕೆ ಬರುತ್ತದೆ ಹೇಳಿ? ಆ ಅಂಕಿ ನಮ್ಮ ಕಿಸೆಯಲ್ಲೇ ಇರಲಿ. ಅವರ ಕೈಗೆ ಅಳತೆ ಕೊಡಿ, ಪಟ್ಟಿ ಕೊಡಿ.

ಅಳತೆ ಯಾಕೆ ಅಂದರೆ, ಎಲ್ಲರೂ ಚದರ ಅಡಿಗೆ ಇಷ್ಟು ಅಂತಲೇ ಹೇಳುತ್ತಾರೆ. ಎಲ್ಲಿಂದ ಎಲ್ಲಿಗೆ ಅಳೆಯುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಎಲ್ ಆಕಾರದ ಕಟ್ಟೆ ತಗೊಳ್ಳಿ. ಒಂದು ಗೋಡೆ 10 ಅಡಿ, ಇನ್ನೊಂದು 6 ಅಡಿ. ಗೋಡೆ ಹಿಡಿದು ಅಳೆದರೆ 16 ಅಡಿ. ಆದರೆ ಕಟ್ಟೆಯ ಅಗಲ 2 ಅಡಿ, ಮೂಲೆ ಎರಡೂ ಗೋಡೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಎದುರಿಗೆ ಕಾಣುವ ಬಾಗಿಲುಗಳನ್ನಷ್ಟೇ ಅಳೆದರೆ 8 ಮತ್ತು 4, ಒಟ್ಟು 12 ಅಡಿ. ಎತ್ತರ ಎರಡೂಮುಕ್ಕಾಲು ಅಡಿ ಹಿಡಿದರೆ ಒಂದು ಲೆಕ್ಕಕ್ಕೆ 44 ಚದರ ಅಡಿ, ಇನ್ನೊಂದಕ್ಕೆ 33. ರೇಟು 1,500 ಅಂತ ಸುಮ್ನೆ ಇಟ್ಟುಕೊಳ್ಳಿ, ಮೂಲೆಯೊಂದರಲ್ಲೇ 16,500 ರೂಪಾಯಿ ವ್ಯತ್ಯಾಸ. ಮೇಲೆ 18% ಜಿಎಸ್‌ಟಿ. ಮೂಲೆಯ ಕಪಾಟಿಗೂ ಪ್ಲೈ ಬೇಕಾಗುತ್ತದೆ, ಹಾಗಾಗಿ 33ಕ್ಕೇ ಮಾಡಿ ಅಂತ ಜಗಳ ತೆಗೆಯಬೇಡಿ. ಯಾವ ಲೆಕ್ಕ ಅಂತ ಬರೆಸಿಕೊಳ್ಳಿ, ಸಾಕು. ಇಲ್ಲದಿದ್ದರೆ ಇಬ್ಬರ ಕೊಟೇಶನ್ ಹೋಲಿಸಿ ಉಪಯೋಗವಿಲ್ಲ. ಗ್ರಾನೈಟಿನದೂ ಇದೇ ಕಥೆ: 28 ಚದರ ಅಡಿಯ ಕಟ್ಟೆ ಗೋಡೆ ಅಳತೆಯಲ್ಲಿ 32 ಆಗುತ್ತದೆ. ಅಂಚಿನ ಪಾಲಿಶ್, ಸಿಂಕಿಗೆ ಕೊರೆಯುವುದು ರೇಟಿನಲ್ಲಿ ಬಂತೋ ಬೇರೆಯೋ, ಅದನ್ನೂ ಕೇಳಿ.

ಪಟ್ಟಿ ಮಾಡಬೇಕಾದವರು ಮನೆಯಲ್ಲಿ ಅಡುಗೆ ಮಾಡುವವರು. ಶೋರೂಮಿನ ಕಟ್ಟೆ ಸಾಮಾನ್ಯವಾಗಿ 32ರಿಂದ 34 ಇಂಚು ಎತ್ತರ. ಒಗ್ಗರಣೆ ಹಾಕಲು ಸರಿ. ಆದರೆ ರೊಟ್ಟಿ ಬಡಿಯುವಾಗ ಅಂಗೈ ಮೇಲೆ ಭುಜದ ಬಲ ಬೀಳಬೇಕು, ಕಟ್ಟೆ ಎತ್ತರವಾದರೆ ನಾಲ್ಕನೇ ರೊಟ್ಟಿಗೇ ಹೆಗಲು ನೋಯುತ್ತದೆ. ನಮ್ಮ ವೈನಿ (ಅತ್ತಿಗೆ) ಒಲೆಯ ಪಕ್ಕದ ಎರಡೂವರೆ ಅಡಿ ಜಾಗವನ್ನಷ್ಟೇ ಮೂರು ಇಂಚು ತಗ್ಗಿಸಿ ಮಾಡಿಸಿದರು. "ಡಿಸೈನ್ ಕೆಡ್ತದ್ರಿ ಅಕ್ಕಾರ" ಅಂದ ಡಿಸೈನರ್ ಹುಡುಗ. "ಕೆಡ್ಲಿ ಬಿಡಪಾ, ರೊಟ್ಟಿ ನೀ ಬಡೀತೀಯೇನು?" ಅಂದರು. ಮೊದಲೇ ಹೇಳಿದ್ದಕ್ಕೆ ಗ್ರಾನೈಟಿನ ಒಂದು ಅಂಚಿನ ಖರ್ಚು ಜಾಸ್ತಿ ಬಿತ್ತು, ಅಷ್ಟೇ.

ನೀರಿನ ವಿಷಯವೂ ಹಾಗೇ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಿಗೆ ಮಲಪ್ರಭಾ ನೀರು ದಿನಾ ಬರುವುದಿಲ್ಲ. ಸಿಂಕಿಗೆ ಬೋರಿನ ಪೈಪು ಒಂದು, ಕುಡಿಯುವ ನೀರಿನದು ಇನ್ನೊಂದು ಬೇಕಾಗುತ್ತದೆ. ತುಂಬಿಟ್ಟ ತಾಮ್ರದ ಕೊಡ ಯಾವ ಡ್ರಾವರಿನಲ್ಲೂ ಹಿಡಿಯುವುದಿಲ್ಲ. ಜೋಳದ ಹಿಟ್ಟಿನ ಡಬ್ಬಿ, ವರ್ಷಕ್ಕಾಗುವಷ್ಟು ಬ್ಯಾಡಗಿ ಖಾರದ ಪುಡಿ, ಇವಕ್ಕೂ ಜಾಗ ಕೇಳಿಟ್ಟುಕೊಳ್ಳಿ. ಗಾಜಿನ ಬಾಗಿಲ ಹಿಂದೆ ಆರು ವೈನ್ ಗ್ಲಾಸು ನೇತುಹಾಕುವ ಕಪಾಟು ನಮ್ಮಲ್ಲಿ ಯಾರಿಗೆ ಬೇಕೋ ಗೊತ್ತಿಲ್ಲ, ಕ್ಯಾಟಲಾಗಿನಲ್ಲಂತೂ ಇರುತ್ತದೆ.

ದುಡ್ಡು ಕಡಿಮೆ ಬಿದ್ದರೆ ನಾನು ಕೈ ಬಿಗಿ ಹಿಡಿಯುವುದು ಹೊರಗೆ ಕಾಣುವುದರಲ್ಲಿ. ಗೋಡೆಯೊಳಗೆ ಹೋಗುವ ಪೈಪು, ವೈರು, ಚಿಮಣಿಯ ತೂತು ಮೊದಲು ಆಗಲಿ. ಓವನ್ನಿಗೆ 16 ಆಂಪಿಯರ್ ಪಾಯಿಂಟು ಬೇಕೇ ಬೇಕು. ಆಮೇಲೆ ಟೈಲ್ಸ್ ಒಡೆದು ಹಾಕಿಸಿದರೆ ಕೂಲಿ ಎರಡು ಸಲ. ಪ್ಲೈ ವಿಷಯದಲ್ಲಿ ಸಿಂಕಿನ ಕೆಳಗೆ ನೀರು ತಡೆಯುವ, ಐಎಸ್ 710 ಮುದ್ರೆಯ ಮರೀನ್ ಪ್ಲೈ ಹಾಕಿಸಿ. ಅಗ್ಗದ ಎಂಆರ್ ಪ್ಲೈ ಅಂದರೆ ಗಾಳಿಯ ತೇವ ತಡೆಯುವ ದರ್ಜೆ, ಸೋರುವ ನೀರಿಗೆ ಉಬ್ಬುತ್ತದೆ. ಧಾರವಾಡದ ಮಳೆಗಾಲದಲ್ಲಂತೂ ಆ ಮೂಲೆ ಒಣಗುವುದೇ ಇಲ್ಲ. ಮೇಲಿನ ಒಣ ಕಪಾಟಿಗೆ ಮಾತ್ರ ಅಗ್ಗದ್ದು ನಡೆಯುತ್ತದೆ. ಲಾಫ್ಟಿಗೆ ಬಾಗಿಲು, ಕಪಾಟಿನೊಳಗಿನ ಲೈಟು ಮುಂದಿನ ದೀಪಾವಳಿಗೆ ಮಾಡಿಸಿದರೂ ಆಗುತ್ತದೆ.

ಕೈಯಲ್ಲಿರುವ ದುಡ್ಡಿನಲ್ಲಿ ಹತ್ತನೇ ಒಂದು ಪಾಲು ಲೆಕ್ಕಕ್ಕೇ ತರದೆ ಬದಿಗಿಡಿ. ಹಳೆಯ ಕಟ್ಟೆ ಒಡೆಸುತ್ತಿದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಒಡೆದ ಮೇಲೆ ಗೋಡೆಯಲ್ಲಿ ಏನು ಸಿಗುತ್ತದೋ ಗೌಂಡಿಗೂ ಗೊತ್ತಿರುವುದಿಲ್ಲ. ಕಲ್ಲುಮಣ್ಣು ಟ್ರಾಕ್ಟರಿಗೆ ಹೇರಿ ಸಾಗಿಸುವ ಖರ್ಚು ಯಾರದು ಅಂತ ಕೊಟೇಶನ್‌ನಲ್ಲಿ ಬರೆಸಿ.

ಅಡ್ವಾನ್ಸು ಕೊಡುವಾಗಲೇ ಕೊನೆಯ ಕಂತಿನ ಮಾತೂ ಆಗಲಿ. ಫಿಟಿಂಗ್ ಮುಗಿದ ದಿನವೇ ಪೂರ್ತಿ ಕೊಡಬೇಡಿ. ಖಾಲಿ ಡ್ರಾವರ್ ಎಲ್ಲವೂ ಮೆತ್ತಗೇ ಓಡುತ್ತದೆ. ಪಾತ್ರೆ, ಕುಕ್ಕರು, ಹಿಟ್ಟಿನ ಡಬ್ಬಿ ತುಂಬಿ ಒಂದು ತಿಂಗಳು ಎಳೆದು ನೋಡಿ, ಡ್ರಾವರ್ ಓಡುವ ಚಾನೆಲ್ ಜೋಲದಿದ್ದರೆ ಉಳಿದದ್ದು ಕೊಡಿ. ಈ ಕರಾರಿಗೆ ಕೆಲವರು ಗೊಣಗುತ್ತಾರೆ, ಕೆಲವರು ಸರ್ರೀ ಅನ್ನುತ್ತಾರೆ. ಚದರ ಅಡಿಗೆ ಐವತ್ತು ರೂಪಾಯಿ ಜಾಸ್ತಿ ಹೇಳಿದ್ದರೂ ನಾನು ಕೆಲಸ ಕೊಡುವುದು ಸರ್ರೀ ಅಂದವರಿಗೇ.