ಸ್ಪ್ರಿಂಕ್ಲರ್ ಇವತ್ತೇ, ಮಗು ಮೂರು ತಿಂಗಳು ಬಿಟ್ಟು

ಹೋದ ಹುತ್ತರಿಗೆ, ಅಂದರೆ ನಮ್ಮ ಕೊಡಗಿನ ಸುಗ್ಗಿ ಹಬ್ಬಕ್ಕೆ, ಗದ್ದೆಯಲ್ಲಿ ಕದಿರು ತೆಗೆಯುವಾಗ ನಮ್ಮಣ್ಣ ಎಂದಿನಂತೆ ಕೋವಿಯಿಂದ ಒಂದು ಗುಂಡು ಹಾರಿಸಿದ. ನಾಯಿ ಬಾಲ ಮಡಚಿಕೊಂಡು ಮನೆ ಕಡೆ ಓಡಿತು. ಮರದಲ್ಲಿದ್ದ ಹಕ್ಕಿಗಳೆಲ್ಲ ಎದ್ದವು. ನನ್ನ ತಂಗಿಯ ಮಗಳ ಕಂಕುಳಲ್ಲಿದ್ದ ಒಂದೂವರೆ ವರ್ಷದ ಕೂಸು ಮಾತ್ರ ಅಮ್ಮನ ಸರ ಎಳೆಯುತ್ತಲೇ ಇತ್ತು. ರೆಪ್ಪೆ ಕೂಡ ಅಲುಗಲಿಲ್ಲ.

"ಎಂಥಾ ಧೈರ್ಯ ನೋಡಿ! ಮಿಲಿಟರಿಗೇ ಸೇರೋದು ಇವಳು" ಎಂದರು ಎಲ್ಲರೂ. ಕೊಡಗಿನಲ್ಲಿ ಮಗು ಏನು ಮಾಡಿದರೂ ಕೊನೆಗೆ ಮಿಲಿಟರಿಗೇ ಸೇರುತ್ತದೆ, ಅಲ್ವಾ? ಕೂಸಿನ ಅಮ್ಮ ಮಾತ್ರ ಮಾತಾಡಲಿಲ್ಲ. ಮನೆಗೆ ಬಂದವಳು ಕೂಸಿನ ಬೆನ್ನ ಹಿಂದೆ ನಿಂತು ಸ್ಟೀಲ್ ತಟ್ಟೆ ಕೆಳಗೆ ಬಿಟ್ಟಳು. ಮೂರು ಸಲ. ಮೂರನೇ ಸಲಕ್ಕೆ ತಟ್ಟೆ ಎತ್ತಿಕೊಳ್ಳದೆ ಅಲ್ಲೇ ಕೂತುಬಿಟ್ಟಳು.

ಮೊದಲು ಬಂದದ್ದು ನೆಂಟರ ಚಿಕಿತ್ಸೆ. "ಅವರಜ್ಜನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು. ಈಗ ಬಾಯಿ ಮುಚ್ಚೋದೇ ಇಲ್ಲ." ಇದು ಉಚಿತ, ಎಲ್ಲ ಮನೆಯಲ್ಲೂ ಸಿಗುತ್ತದೆ. ಅದರಲ್ಲೇ ಮೂರು ತಿಂಗಳು ಹೋಯಿತು.

ಕಾಗದದಲ್ಲಿ ನೋಡಿದರೆ ನಮ್ಮ ಸರ್ಕಾರಕ್ಕೆ ಮಕ್ಕಳ ವಿಷಯದಲ್ಲಿ ಬಹಳ ಅವಸರ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿದ ಕೂಸಿನಿಂದ 18 ವರ್ಷದವರೆಗೆ ಎಲ್ಲರ ತಪಾಸಣೆ ಆಗಬೇಕು. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ತಂಡ ಬರಬೇಕು. ತೊಂದರೆ ಕಂಡ ಮಗುವನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. ಇನ್ನು ಕಿವಿಗೆ ಡಾಕ್ಟರುಗಳು ಹೇಳುವ ಲೆಕ್ಕ 1-3-6. ಹುಟ್ಟಿದ ಒಂದು ತಿಂಗಳೊಳಗೆ ಕಿವಿ ಪರೀಕ್ಷೆ, ಮೂರು ತಿಂಗಳೊಳಗೆ ಕೇಳುತ್ತೋ ಇಲ್ಲವೋ ಖಾತ್ರಿ, ಆರು ತಿಂಗಳೊಳಗೆ ಯಂತ್ರವೋ ತರಬೇತಿಯೋ ಶುರು. ಮಾತು ಬರುವುದು ಬಾಯಿಂದಲ್ಲ, ಮೊದಲು ಕಿವಿಯಿಂದ. ನಮ್ಮ ಕೂಸು ಈ ಲೆಕ್ಕದಲ್ಲಿ ಆಗಲೇ ಫೇಲು.

ಮಾರ್ಚಿನಲ್ಲಿ ಒಂದು ಕಚೇರಿಗೆ ಹೋದೆವು. ಯಾವುದು ಅಂತ ಕೇಳಬೇಡಿ, ಇನ್ನೂ ಅಲ್ಲಿ ನಮ್ಮ ಫೈಲು ಇದೆ. ಗೋಡೆಯ ಮೇಲೆ ನಗುವ ಮಗುವಿನ ಚಿತ್ರ, ಕೆಳಗೆ 'ಬೇಗ ಗುರುತಿಸಿ, ಬೇಗ ಚಿಕಿತ್ಸೆ ಕೊಡಿಸಿ'. ಅದರ ಕೆಳಗಿನ ಬೆಂಚಿನಲ್ಲಿ ಎರಡೂವರೆ ಗಂಟೆ ಕೂತೆವು.

ಒಳಗೆ ಹೋದಾಗ ಸಾಹೇಬರು ಫೋನಿನಲ್ಲಿದ್ದರು. ಪಾಪ, ಅವರಿಗೂ ನಾಲ್ಕು ಎಕರೆ ರೊಬಸ್ಟಾ ಕಾಫಿ ಇದೆ. ಈ ವರ್ಷ ಕಾಫಿ ಮೊಗ್ಗು ಅರಳಿಸುವ ಹೂಮಳೆ ಕೈಕೊಟ್ಟಿತ್ತು. "ನಾಳೆ ಅಂದ್ರೆ ಆಗಲ್ಲ ಮಾರಾಯ, ಇವತ್ತೇ ಕೆರೆಗೆ ಮೋಟರ್ ಇಳಿಸಿ ಸ್ಪ್ರಿಂಕ್ಲರ್ ಹಾಕು! ಮೊಗ್ಗು ಕಾದು ಕೂರುತ್ತಾ? ಒಂದು ವಾರ ತಡ ಆದ್ರೆ ಒಣಗಿ ಹೋಗುತ್ತೆ. ಆಮೇಲೆ ಜೂನಲ್ಲಿ ಎಷ್ಟು ಮಳೆ ಹೊಯ್ದರೇನು?" ಎಂದು ಕೂಗುತ್ತಿದ್ದರು. ಅಷ್ಟು ಚೆನ್ನಾಗಿ ನಮ್ಮ ಪರವಾಗಿ ನಾನೂ ಮಾತಾಡಲಾರೆ.

ಫೋನ್ ಇಟ್ಟರು. ಕೂಸನ್ನು ನೋಡಿ ಪ್ರೀತಿಯಿಂದ ಕೆನ್ನೆ ಚಿವುಟಿದರು.

"ಇನ್ನೂ ಚಿಕ್ಕದಲ್ವೇನಮ್ಮಾ? ಒಂದು ಮೂರು ತಿಂಗಳು ಬಿಟ್ಟು ಬನ್ನಿ. ಸ್ವಲ್ಪ ದೊಡ್ಡದಾಗಲಿ."

ಕಾನೂನಿಗೂ ದೊಡ್ಡವರೇ ಇಷ್ಟ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಉಚಿತ ಶಿಕ್ಷಣದ ಹಕ್ಕು 6ರಿಂದ 18 ವರ್ಷಕ್ಕೆ. ಹೆಚ್ಚಿನ ಸೌಲಭ್ಯಕ್ಕೆಲ್ಲ ಕನಿಷ್ಠ 40 ಪರ್ಸೆಂಟ್ ಅಂಗವೈಕಲ್ಯ ಇರಬೇಕು. ಕಾಫಿ ಹಣ್ಣಾದ ಮೇಲೆ ಕೊಯ್ಯುವ ಹಾಗೆ, ತೊಂದರೆಯೂ ಸರಿಯಾಗಿ ಹಣ್ಣಾಗಬೇಕು.

ಅದೇ ಬೆಂಚಿನಲ್ಲಿ ತೋಟದ ಕೂಲಿಯವರ ಲೈನ್ ಮನೆಯ ಒಬ್ಬ ತಾಯಿ ಇದ್ದಳು. ಮಡಿಲಲ್ಲಿ ಮೂರು ವರ್ಷದ ಹುಡುಗ, ಕಾಲು ಕತ್ತರಿ ಹಾಕಿದ ಹಾಗೆ ಬಿಗಿದುಕೊಂಡಿತ್ತು. ಅವತ್ತಿನ ಕೂಲಿ ಹೋಯಿತು, ಬಸ್ಸಿಗೆ ಬೇರೆ ದುಡ್ಡು. ನನ್ನ ಹತ್ತಿರ ಮೆಲ್ಲಗೆ ಕೇಳಿದಳು: "ಅಣ್ಣಾ, ಕಾಲಿಗೆ ವ್ಯಾಯಾಮ ಮಾಡಿಸಿ ಅಂತಾರೆ. ಮಾಡಿಸಿದ್ರೆ ಪರ್ಸೆಂಟ್ ಕಡಿಮೆ ಆಗುತ್ತಾ?" ನನಗೆ ಉತ್ತರ ಹೊಳೆಯಲಿಲ್ಲ. ಅರ್ಥಶಾಸ್ತ್ರ ಓದಿದವರು ಯಾರಾದರೂ ಹೇಳಿ.

ನಾವು ಕಾಯದೆ ಕಿವಿ ಪರೀಕ್ಷೆಗೆ ಮೈಸೂರಿಗೆ ಹೊರಟೆವು. ಮಡಿಕೇರಿಯಿಂದ 120 ಕಿಲೋಮೀಟರ್. ರೈಲು ಅಂತೂ ನಮ್ಮ ಜಿಲ್ಲೆಯಲ್ಲೇ ಇಲ್ಲ. ಶಬ್ದ ಮಿದುಳಿಗೆ ಮುಟ್ಟುತ್ತದೋ ಎಂದು ನೋಡುವ ಬೆರಾ ಟೆಸ್ಟ್ ಮಾಡಲು ಮಗು ನಿದ್ದೆ ಮಾಡುತ್ತಿರಬೇಕು. ನಮ್ಮದು ಕುಶಾಲನಗರ ದಾಟುವ ಮೊದಲೇ ಮಲಗಿದ್ದು, ಮೈಸೂರು ಬಸ್‌ಸ್ಟ್ಯಾಂಡಿನಲ್ಲಿ ಕಣ್ಣು ಬಿಟ್ಟಿತು. ಟೆಸ್ಟಿನ ಹೊತ್ತಿಗೆ ಟೇಬಲ್ ಮೇಲೆ ಕುಣಿಯುವಷ್ಟು ಎಚ್ಚರ. ಮುಂದಿನ ಸಲ ದಾರಿಯುದ್ದಕ್ಕೂ ನಾನೂ ಅವಳಮ್ಮನೂ ಸರದಿಯಲ್ಲಿ ಕಚಗುಳಿ ಇಟ್ಟು ಎಚ್ಚರ ಇಟ್ಟೆವು. ಟೆಸ್ಟ್ ಆಯಿತು. ಎರಡೂ ಕಿವಿಗೆ ಯಂತ್ರ ಬೇಕು, ವಾರ ವಾರ ಮಾತಿನ ತರಬೇತಿ ಬೇಕು, ಮನೆಯವರಿಗೂ ಕಲಿಸಬೇಕು ಎಂದರು. ಇಷ್ಟು ದಿನ ಎಲ್ಲಿದ್ದಿರಿ ಎಂದೂ ಕೇಳಿದರು. ಬೆಂಚಿನ ಮೇಲೆ ಅಂತ ಹೇಳಲು ನಾಚಿಕೆಯಾಯಿತು.

ಜೂನಿನಲ್ಲಿ ರಿಪೋರ್ಟ್ ಹಿಡಿದು ಮತ್ತೆ ಅದೇ ಕಚೇರಿಗೆ ಹೋದೆ. ಹೊರಗೆ ಜಡಿಮಳೆ, ಒಳಗೆ ಕರೆಂಟ್ ಇಲ್ಲ. ಸಾಹೇಬರು ಮೊಬೈಲ್ ಬೆಳಕಿನಲ್ಲಿ ರಿಪೋರ್ಟ್ ನೋಡಿ, "ಫೈಲು ಮೇಲೆ ಹೋಗಬೇಕು, ಮಳೆಗಾಲ ಮುಗೀಲಿ" ಎಂದರು. ನಾನು ಎದ್ದೆ. ಅವರೇ ಸ್ನೇಹದಿಂದ ಕೇಳಿದರು, "ನಿಮ್ಮ ತೋಟದಲ್ಲಿ ಕಾಯಿ ಹೇಗೆ ಕಚ್ಚಿದೆ?"

"ಅರ್ಧ ಹೋಯ್ತು ಸರ್. ಮಾರ್ಚಲ್ಲಿ ಮೈಸೂರು ಓಡಾಟ ಇತ್ತಲ್ಲ, ನೀರು ಕೊಡೋದು ಹದಿನೈದು ದಿನ ತಡ ಆಯ್ತು."

ಅವರಿಗೆ ನಿಜವಾಗಿ ಬೇಜಾರಾಯಿತು. ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು.

"ಛೆ! ಹದಿನೈದು ದಿನ ಯಾರಾದ್ರೂ ಸುಮ್ನೆ ಕೂರ್ತಾರೇನ್ರೀ?"