ಆ ಮಾತು ಅವಳಿಗೆ ಹೇಳಿದ್ದಲ್ಲ, ಪಂಕ್ತಿಗೆ ಹೇಳಿದ್ದು

ನಿನ್ನೆ ತುಮಕೂರಿನ ಕಡೆ ನಮ್ಮ ನೆಂಟರೊಬ್ಬರ ಗೃಹಪ್ರವೇಶ. ಎರಡನೇ ಪಂಕ್ತಿ. ನನ್ನ ಎದುರು ಸಾಲಿನಲ್ಲಿ ಅಣ್ಣನ ಮಗಳು ಕೂತಿದ್ದಳು, ಫಸ್ಟ್ ಪಿಯುಸಿ ಹುಡುಗಿ. ಒಬ್ಬಟ್ಟು ಬಡಿಸುತ್ತ ಬಂದ ಮಾವ ಅವಳ ಎಲೆ ಮುಂದೆ ನಿಂತರು. ಒಬ್ಬಟ್ಟನ್ನು ಎಲೆಗೆ ಹಾಕದೆ ಮೇಲೆಯೇ ಹಿಡಿದುಕೊಂಡು, "ಏನಮ್ಮ ಡುಮ್ಮಿ, ಅರ್ಧ ಸಾಕೋ, ಪೂರ್ತಿ ಬೇಕೋ?" ಅಂದರು. ಕೇಳಿದ್ದು ಅವಳನ್ನು, ನೋಡಿದ್ದು ಎಡಬಲ ಕೂತವರನ್ನು. ಸಾಲಿಗೆ ಸಾಲೇ ನಕ್ಕಿತು. ಪಕ್ಕದಿಂದ ಯಾರೋ "ಪೂರ್ತಿ ಹಾಕಿ, ಗುಂಡಮ್ಮಂಗೆ ಅರ್ಧ ಎಲ್ಲಿಗ್ ಸಾಲುತ್ತೆ" ಅಂದರು. ಹುಡುಗಿಯೂ ನಕ್ಕಳು. ತುಪ್ಪ ಬಂದಾಗ ಎಲೆಗೆ ಕೈ ಅಡ್ಡ ಹಿಡಿದಳು. ಅನ್ನ ಬಂದಾಗ ಬೇಡ ಅಂದಳು. ಮಜ್ಜಿಗೆ ಬರುವ ಮೊದಲೇ ಎಲೆ ಮಡಚಿಟ್ಟು ಎದ್ದು ಹೋದಳು.

ವಾಪಸ್ ಬರುವಾಗ ಕಾರಿನಲ್ಲಿ ಈ ಬಗ್ಗೆ ಬಾಯಿ ಬಿಟ್ಟೆ. ರಾತ್ರಿ ಅದು ಫ್ಯಾಮಿಲಿ ಗ್ರೂಪಿಗೆ ಹೋಯಿತು. ಬೆಳಗಾಗುವಷ್ಟರಲ್ಲಿ ಮನೆಮಂದಿಯೆಲ್ಲ ಎರಡು ಪಾಳಯ. ಚಿಕ್ಕಮ್ಮನ ಪ್ರಕಾರ ಡುಮ್ಮಿ ಅನ್ನುವುದು ಮುದ್ದಿನ ಮಾತು, ಡ್ರಮ್ಮು ಅಂದಿದ್ದರೆ ತಪ್ಪಾಗುತ್ತಿತ್ತು. ಬೆಂಗಳೂರಿನಲ್ಲಿರುವ ತಂಗಿಯ ಪ್ರಕಾರ ಡುಮ್ಮಿಯೂ ಬೇಡ, ಚಬ್ಬಿ ಅನ್ನಬೇಕು. ಇನ್ನೊಬ್ಬರಿಗೆ ಗುಂಡಮ್ಮ ಪರವಾಗಿಲ್ಲ, ಟುನ್‌ಟುನ್ ಪರವಾಗಿಲ್ಲ, ಆನೆಮರಿ ಮಾತ್ರ ಅತಿಯಾಯಿತು. ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ ಪದಗಳನ್ನು ಆರಿಸುತ್ತಿದ್ದಾರೆ, ಇದು ಎಳೆಯದು, ಇದು ಬಲಿತದ್ದು ಅಂತ. ಓದುತ್ತ ಓದುತ್ತ ನನಗೆ ಮೈಯೆಲ್ಲ ಉರಿಯಿತು. ಅಲ್ಲಿ ಬರೆದರೆ ಜಗಳವಾಗುತ್ತದೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಅವರಲ್ಲೂ ಅರ್ಧ ಜನ ಇಲ್ಲಿದ್ದಾರೆ, ಓದಲಿ.

ಯಾವ ಪದ ಮೆದು, ಯಾವ ಪದ ಒರಟು ಅನ್ನುವುದಲ್ಲ ನನ್ನ ತಕರಾರು. ಆ ಮಾತು ಅವಳಿಗೆ ಹೇಳಿದ್ದೇ ಅಲ್ಲ. ಅವಳನ್ನು ಮುಂದಿಟ್ಟುಕೊಂಡು ಪಂಕ್ತಿಗೆ ಹೇಳಿದ್ದು. ಇದೇ ಮಾವ ಅವಳೊಬ್ಬಳೇ ಎದುರು ಸಿಕ್ಕಾಗ ಹೇಗೆ ಮಾತಾಡಿಸುತ್ತಾರೆ ಅಂತ ನಾನು ನೋಡಿದ್ದೇನೆ. ಹೆಸರು ಹಿಡಿದು ಕರೆಯುತ್ತಾರೆ, "ಕಾಲೇಜು ಹೆಂಗ್ ನಡೀತಿದೆ ಮಗಾ" ಅಂತ ವಿಚಾರಿಸುತ್ತಾರೆ. ಒಳ್ಳೆಯ ಮನುಷ್ಯರೇ. ಡುಮ್ಮಿ ಹೊರಗೆ ಬರುವುದು ನಾಲ್ಕು ಜನ ಸೇರಿದಾಗ ಮಾತ್ರ. ಪ್ರೀತಿಯಿಂದ ಕರೆಯುವುದೇ ಆಗಿದ್ದರೆ ಒಬ್ಬಳೇ ಇದ್ದಾಗ ಆ ಪ್ರೀತಿ ಎಲ್ಲಿಗೆ ಹೋಗುತ್ತದೆ?

ನನ್ನ ಮೈಯ ಕತೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಪಿಯುಸಿಯಲ್ಲಿ ನಾನು ಕಡ್ಡಿ. ಪೊರಕೆಕಡ್ಡಿ, ನರಪೇತಲಿ, ಗಾಳಿ ಬಂದರೆ ಹಾರಿಹೋಗುತ್ತಾಳೆ, ಎಲ್ಲ ಕೇಳಿಸಿಕೊಂಡಿದ್ದೇನೆ. ಆಗ ನೆಂಟರು ಅಮ್ಮನ ಕಡೆ ತಿರುಗಿ "ಏನ್ರೀ, ಮಗಳಿಗೆ ಊಟ ಹಾಕಲ್ವಾ?" ಅನ್ನುತ್ತಿದ್ದರು. ಮದುವೆಯಾಯಿತು, ಮಗುವಾಯಿತು. ಬಾಣಂತನದಲ್ಲಿ ಅಮ್ಮ ಮೆಣಸಿನ ಸಾರು, ಬೆಳ್ಳುಳ್ಳಿ, ಕೊಬ್ಬರಿ, ತುತ್ತಿಗೊಮ್ಮೆ ತುಪ್ಪ ಅಂತ ಉಣ್ಣಿಸಿ ಕೈಕಾಲಿಗೆ ಮೈ ತಂದರು. ತೊಟ್ಟಿಲು ಶಾಸ್ತ್ರಕ್ಕೆ ಬಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮತ್ತೆ ಅಮ್ಮನ ಕಡೆಯೇ ತಿರುಗಿ "ಮೈ ಚೆನ್ನಾಗ್ ಹಿಡಿದಿದೆ, ಬಾಣಂತನ ಅಂದ್ರೆ ಹಿಂಗಿರಬೇಕು" ಅಂದರು. ಆಮೇಲೆ ಥೈರಾಯ್ಡ್ ಬಂತು, ಮೈ ಇಳಿಯಲಿಲ್ಲ. ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಅದೇ ಬಾಯಿಗಳು ಡ್ರಮ್ಮು ಅಂದವು. ಈ ಸಲ ತಿರುಗಿದ್ದು ನನ್ನ ಗಂಡನ ಕಡೆ. "ಏನಪ್ಪಾ, ಚೆನ್ನಾಗ್ ಸಾಕಿದ್ದೀಯ."

ಬೈಗುಳವಾಗಲಿ ಹೊಗಳಿಕೆಯಾಗಲಿ, ಒಂದು ಸಲವೂ ನನ್ನ ಮುಖ ನೋಡಿ ಹೇಳಿದ್ದಲ್ಲ. ನನ್ನ ಮೈ ನೋಡಿ ಅಮ್ಮನಿಗೆ ಅಂಕ ಕೊಟ್ಟರು, ಗಂಡನಿಗೆ ಅಂಕ ಕೊಟ್ಟರು. ನಡುವೆ ನಾನು ಸುಮ್ಮನೆ ನಿಂತಿದ್ದೆ.

ಇದುವರೆಗೆ ಯಾರಿಗೂ ಹೇಳದ ಒಂದು ಮಾತು ಹೇಳುತ್ತೇನೆ. ಆ ವರ್ಷಗಳ ಫೋಟೋಗಳಲ್ಲಿ ನನ್ನ ಪೂರ್ತಿ ಆಕಾರ ಎಲ್ಲೂ ಸಿಗುವುದಿಲ್ಲ. ಕ್ಯಾಮೆರಾ ಬಂತು ಅಂದರೆ ಹಿಂದಿನ ಸಾಲಿಗೆ ಹೋಗುತ್ತಿದ್ದೆ, ಇಲ್ಲವೇ ಪಕ್ಕದಲ್ಲಿರುವ ಯಾರದಾದರೂ ಮಗುವನ್ನು ಎತ್ತಿ ಹೊಟ್ಟೆಗೆ ಅಡ್ಡ ಹಿಡಿದುಕೊಳ್ಳುತ್ತಿದ್ದೆ. ಮಕ್ಕಳೆಂದರೆ ಇವಳಿಗೆ ಪ್ರಾಣ ಅಂದುಕೊಂಡವರೇ ಎಲ್ಲ. ನಿನ್ನೆ ಗ್ರೂಪ್ ಫೋಟೋ ತೆಗೆಯುವಾಗ ಅಣ್ಣನ ಮಗಳು ದುಪಟ್ಟಾ ಬಿಚ್ಚಿ ಅಗಲಕ್ಕೆ ಹರಡಿಕೊಂಡು ಅವಳಜ್ಜಿಯ ಹಿಂದೆ ಸರಿದು ನಿಂತಳು. ನನಗೆ ಗಂಟಲು ಕಟ್ಟಿತು.

ನಮ್ಮ ದೊಡ್ಡತ್ತೆ ಗ್ರೂಪಿನಲ್ಲಿ ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಅವರ ಮಾತಿಗೆ ಬೆಲೆ ಕೊಡುತ್ತೇನೆ, ಯಾಕೆಂದರೆ ಅವರು ಕಂಡದ್ದನ್ನು ಹೇಳುತ್ತಾರೆ. ಅವರ ಕಾಲದಲ್ಲಿ ಮೈಕೈ ತುಂಬಿದವಳು ಅಂದರೆ ಮೆಚ್ಚುಗೆ, ಬಡಕಲಿ ಅಂದರೆ ಅವಮಾನ. ರೇಷನ್ ಅಂಗಡಿ ಮುಂದೆ ಸರದಿ ನಿಂತು ಗೋಧಿ ತಂದ ದಿನಗಳು ಅವು. ತೆಳ್ಳಗಿರುವ ಹುಡುಗಿಯನ್ನು ನೋಡಲು ಬಂದವರು ಕ್ಷಯ ಗಿಯ ಇದೆಯಾ ಅಂತ ಗುಟ್ಟಾಗಿ ವಿಚಾರಿಸುತ್ತಿದ್ದರಂತೆ. ದೊಡ್ಡತ್ತೆಯನ್ನೇ ಒಂದು ಸಂಬಂಧದವರು ಬಡಕಲಿ ಅಂತ ಬಿಟ್ಟು ಹೋದರು. ಇಷ್ಟೆಲ್ಲ ಹೇಳಿ ಕೊನೆಗೆ ಅವರು "ಅದಕ್ಕೆ ಡುಮ್ಮಿ ಅಂದ್ರೆ ನಮಗೆ ಬೈಗುಳ ಅನ್ಸಲ್ಲ ಕಣಮ್ಮ" ಅಂದರು.

ಸರಿ ದೊಡ್ಡತ್ತೆ. ಆದರೆ ನಿಮ್ಮನ್ನು ಬಿಟ್ಟು ಹೋದವರೂ ಆ ಮಾತನ್ನು ನಿಮಗೆ ಹೇಳಲಿಲ್ಲವಲ್ಲ. ನಡುಮನೆಯಲ್ಲಿ ಕೂತ ಹಿರಿಯರಿಗೆ ಹೇಳಿದರು. ನೀವು ಅಡುಗೆಮನೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿರಿ. ಅಳತೆ ಬದಲಾಗಿದೆ, ಅಳೆಯುವವರು ಬದಲಾಗಿಲ್ಲ.

ಅಳತೆ ಬದಲಾದ ಕಾಲ ನನಗೆ ಚೆನ್ನಾಗಿ ನೆನಪಿದೆ. 1996ರ ನವೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಮಿಸ್ ವರ್ಲ್ಡ್ ನಡೆಯಿತು. ರೈತ ಸಂಘದವರು, ಮಹಿಳಾ ಸಂಘಟನೆಗಳವರು ಬೀದಿಗಿಳಿದು ವಿರೋಧಿಸಿದರು. ನಾನಾಗ ಹೈಸ್ಕೂಲು. ಮೂವತ್ತಾರು, ಇಪ್ಪತ್ತನಾಲ್ಕು, ಮೂವತ್ತಾರು ಅನ್ನುವ ಎದೆ, ಸೊಂಟ, ಪೃಷ್ಠದ ಇಂಚಿನ ಅಂಕಿಗಳು ನಮ್ಮ ತರಗತಿಯ ಹುಡುಗರ ಬಾಯಿಗೆ ಬಂದದ್ದು ಆ ವರ್ಷ. ಅಲ್ಲಿಯವರೆಗೆ ಚೆನ್ನಾಗಿದ್ದಾಳೆ, ಇಲ್ಲ ಅಂತ ಇತ್ತು. ಆಮೇಲೆ ಫಿಗರ್ ಬಂತು, ಪೀಸ್ ಬಂತು, ಐಟಂ ಬಂತು, ಮಾಲ್ ಬಂತು. 2008ರಲ್ಲಿ ಕರೀನಾ ಕಪೂರ್ ತೀರಾ ತೆಳ್ಳಗಾಗಿ ಸೈಜ್ ಝೀರೋ ಆದ ಮೇಲೆ, ಯಾವ ಮೈ ನೋಡಿ ನನ್ನನ್ನು ಕಡ್ಡಿ ಅಂದು ನಕ್ಕಿದ್ದರೋ ಆ ಮೈಯೇ ಹೊಸ ಹುಡುಗಿಯರಿಗೆ ಗುರಿಯಾಯಿತು.

ಗ್ರೂಪಿನಲ್ಲಿ ಒಬ್ಬರು ಸಮಾಧಾನ ಮಾಡಲು ಬೇಲೂರಿನ ಶಿಲಾಬಾಲಿಕೆಯ ಫೋಟೋ ಹಾಕಿದ್ದಾರೆ. ನಮ್ಮ ಸಂಸ್ಕೃತಿಯಲ್ಲಿ ತುಂಬಿದ ಮೈಯೇ ಸೌಂದರ್ಯ, ಹೊಯ್ಸಳರ ಕಾಲದಿಂದ ಹೀಗೇ ಅಂತ. ಒಳ್ಳೆಯ ಮನಸ್ಸಿನಿಂದಲೇ ಹಾಕಿರಬೇಕು. ಆದರೆ ಆ ಸಂಸ್ಕೃತಿಯೂ ಹೆಣ್ಣನ್ನು ಸುಮ್ಮನೆ ಬಿಟ್ಟದ್ದಲ್ಲ. ಪದ್ಮಿನಿ, ಚಿತ್ರಿಣಿ, ಶಂಖಿನಿ, ಹಸ್ತಿನಿ ಅಂತ ನಮ್ಮನ್ನು ನಾಲ್ಕು ಜಾತಿ ಮಾಡಿ, ಯಾರ ಮೈ ಹೇಗೆ, ನಡಿಗೆ ಹೇಗೆ, ವಾಸನೆ ಹೇಗೆ ಅಂತ ಬರೆದಿಟ್ಟದ್ದೂ ನಮ್ಮ ಕಾಮಶಾಸ್ತ್ರವೇ. ಪದ್ಮಿನಿ ಎಲ್ಲಕ್ಕಿಂತ ಮೇಲು, ಹಸ್ತಿನಿ ಕೊನೆ. ಆನೆಮರಿ ಅನ್ನುವುದು ಇವತ್ತಿನ ಹುಡುಗರು ಕಂಡುಹಿಡಿದ ಮಾತೇನಲ್ಲ.

ಮತ್ತೊಬ್ಬರು ಟಿವಿ ತಂದರು. 2017ರಲ್ಲಿ ಝೀ ಕನ್ನಡದಲ್ಲಿ ಶುರುವಾದ ಬ್ರಹ್ಮಗಂಟು ಧಾರಾವಾಹಿಯಲ್ಲಿ ದಪ್ಪಗಿರುವ ಹುಡುಗಿಯೇ ನಾಯಕಿ, ಗುಂಡಮ್ಮ ಅಂತಲೇ ಊರೆಲ್ಲ ಪ್ರೀತಿಸಿತು, ಇನ್ನೇನು ತಪ್ಪು ಅಂತ. ನಾನೂ ನೋಡುತ್ತಿದ್ದೆ. ಅಂಥ ಮೈಯ ಹುಡುಗಿ ದಿನಾ ಸಂಜೆ ನಮ್ಮ ಹಾಲಿಗೆ ನಾಯಕಿಯಾಗಿ ಬಂದದ್ದು ನನಗೆ ನಿಜಕ್ಕೂ ಸಂತೋಷ ಕೊಟ್ಟಿತ್ತು. ಆದರೆ ಆ ಗುಂಡಮ್ಮನಿಗೆ ಕತೆಯಿತ್ತು, ಸಿಟ್ಟಿತ್ತು, ಮಾತಿತ್ತು. ಪಂಕ್ತಿಯಲ್ಲಿ ಅಂದ ಗುಂಡಮ್ಮನಿಗೆ ಒಬ್ಬಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ಟುನ್‌ಟುನ್ ಅನ್ನುವವರಿಗೂ ಒಂದು ಮಾತು ಗೊತ್ತಿರಲಿ. ಹಿಂದಿ ಸಿನಿಮಾದ ಹಾಸ್ಯನಟಿ ಉಮಾದೇವಿ ಖತ್ರಿ ಅನ್ನುವ ಹೆಣ್ಣುಮಗಳ ತೆರೆಯ ಹೆಸರದು. ನಟಿಯಾಗುವ ಮೊದಲು ಆಕೆ ಗಾಯಕಿ, 1947ರಲ್ಲೇ ನೌಷಾದ್ ಸಂಗೀತದಲ್ಲಿ ಹಾಡಿ ದೇಶವೆಲ್ಲ ಹೆಸರಾದವರು. ಆ ಕಂಠ ಮರೆತುಹೋಯಿತು. ನಮ್ಮೂರ ಬಸ್‌ಸ್ಟ್ಯಾಂಡಿಗೆ ತಲುಪಿದ್ದು ದಪ್ಪ ಮೈಯೊಂದೇ.

ಇನ್ನು ಗಂಡಸರ ವಾದ. ನಮ್ಮನ್ನೂ ಡುಮ್ಮ, ಕುಳ್ಳ ಅನ್ನುತ್ತಾರೆ, ನಾವು ಅಳುತ್ತೇವಾ, ದ್ವಾರಕೀಶ್ ಅವರು ಕರ್ನಾಟಕದ ಕುಳ್ಳ ಅಂತಲೇ ಹೆಮ್ಮೆಯಿಂದ ಬದುಕಲಿಲ್ಲವಾ ಅಂತ. ಬದುಕಿದರು, ದೊಡ್ಡದಾಗಿ ಬದುಕಿದರು. ಅವರು ನಿರ್ಮಾಪಕರು, ನಿರ್ದೇಶಕರು. ಆ ಹೆಸರನ್ನು ತಾವೇ ಎತ್ತಿಕೊಂಡು ಸಿನಿಮಾಕ್ಕೆ ಇಟ್ಟು, ದುಡ್ಡು ಹಾಕಿ ದುಡ್ಡು ತೆಗೆದವರು. ಆ ಹುಡುಗಿಗೆ ಯಾವ ಅಧಿಕಾರವಿದೆ? ಅದೇ ಪಂಕ್ತಿಯಲ್ಲಿ ಅವಳು ತಿರುಗಿ "ಅರ್ಧ ಸಾಕು ಡೊಳ್ಳುಹೊಟ್ಟೆ ಮಾವ" ಅಂದಿದ್ದರೆ ಏನಾಗುತ್ತಿತ್ತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಾಲಗೆ ಉದ್ದ, ಅಪ್ಪ ಅಮ್ಮ ಏನೂ ಕಲಿಸಿಲ್ಲ ಅಂತ ಅಣ್ಣ ಅತ್ತಿಗೆಯನ್ನು ಅಲ್ಲೇ ನಿಲ್ಲಿಸಿ ವಿಚಾರಿಸುತ್ತಿದ್ದರು. ಅವಳ ಗೆಳತಿಯರೇ ಫೋನಿನಲ್ಲಿ ಲೇ ಡುಮ್ಮಿ ಅಂತಾರಲ್ಲ ಅಂತ ಇನ್ನೊಬ್ಬರ ಸಾಕ್ಷಿ. ಅಂತಾರೆ. ಇವಳೂ ಅವರಿಗೆ ಒಂದೊಂದು ಹೆಸರು ಇಟ್ಟಿದ್ದಾಳೆ. ಅಲ್ಲಿ ನೋಡಿ ನಗಲು ಪಂಕ್ತಿ ಇಲ್ಲ.

ಇವೆಲ್ಲಕ್ಕಿಂತ ನನಗೆ ಸಿಟ್ಟು ಬರುವುದು ಆರೋಗ್ಯದ ಹೆಸರು ಹೇಳುವವರನ್ನು ಕಂಡಾಗ. "ಒಳ್ಳೇದಕ್ಕೇ ಹೇಳಿದ್ದು, ಈ ವಯಸ್ಸಿಗೇ ಹಿಂಗಾದ್ರೆ ಮುಂದೆ ಪಿಸಿಒಡಿ, ಶುಗರ್." 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಜನ ಮಿತಿಗಿಂತ ಹೆಚ್ಚು ತೂಕದವರು, ಸುಮಾರು 17 ಜನ ಮಿತಿಗಿಂತ ಕಡಿಮೆ ತೂಕದವರು. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರು ಒಂದೋ ಡುಮ್ಮಿ, ಇಲ್ಲವೇ ಕಡ್ಡಿ. ಅದೇ ಸಮೀಕ್ಷೆಯಲ್ಲಿ ರಕ್ತಹೀನತೆ ಇರುವವರು ನೂರಕ್ಕೆ 48ರ ಹತ್ತಿರ. ದಪ್ಪಗಿರುವವಳಿಗೂ ರಕ್ತ ಕಡಿಮೆ ಇರಬಹುದು. ಇಷ್ಟು ವರ್ಷದ ಮದುವೆ ಮುಂಜಿಗಳಲ್ಲಿ ಹುಡುಗಿಯೊಬ್ಬಳ ಹತ್ತಿರ ಕೂತು "ಹಿಮೋಗ್ಲೋಬಿನ್ ಎಷ್ಟಿದೆ ಮಗಾ, ತಿಂಗಳ ಮುಟ್ಟು ಸರಿಯಾಗ್ ಆಗ್ತಿದೆಯಾ" ಅಂತ ಕೇಳಿದ ನೆಂಟರನ್ನು ನಾನು ಕಂಡಿಲ್ಲ. ಕಾಳಜಿ ಇದ್ದವರು ಪಕ್ಕಕ್ಕೆ ಕರೆದು ಕೇಳುತ್ತಾರೆ. ನಾನು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ನುಂಗಿ, ಕಾಫಿ ಕುಡಿಯಲು ಗಡಿಯಾರ ನೋಡುತ್ತ ಕೂರುತ್ತೇನೆ. ಸ್ವಲ್ಪ ತಿನ್ನೋದ್ ಕಡಿಮೆ ಮಾಡು ಅಂದವರಿಗೆ ಆ ಮಾತ್ರೆಯ ಹೆಸರೂ ಗೊತ್ತಿಲ್ಲ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋದ ಕಿರುತೆರೆಯ ನಟಿಯೊಬ್ಬಳು ತೀರಿಕೊಂಡಳು. 21 ವರ್ಷ. ಆ ಮಗು ಯಾರ ಯಾರ ಮಾತು ಕೇಳಿ ಅಲ್ಲಿಗೆ ಹೋದಳೋ ನನಗೆ ಗೊತ್ತಿಲ್ಲ, ಊಹೆಯನ್ನೂ ಮಾಡುವುದಿಲ್ಲ. ಆ ಸುದ್ದಿ ನೋಡಿದ ದಿನ ನಾನು ಊಟ ಮಾಡಲಿಲ್ಲ.

"ಹಾಗಾದ್ರೆ ಚೆನ್ನಾಗಿದ್ದೀಯ ಅಂತ ಹೊಗಳೋದೂ ತಪ್ಪಾ?" ಅಂತ ಕೇಳಿದ ತಮ್ಮನಿಗೂ ಉತ್ತರ ಕೊಡಬೇಕು. 2025ರ ಜನವರಿಯಲ್ಲಿ ಕೇರಳ ಹೈಕೋರ್ಟು, ಸಹೋದ್ಯೋಗಿ ಹೆಂಗಸಿನ ಮೈಕಟ್ಟು ಚೆನ್ನಾಗಿದೆ ಅಂದ ಮಾತನ್ನೇ ಲೈಂಗಿಕ ಬಣ್ಣದ ಮಾತು ಅಂತ ನೋಡಿ, ಕೇಸ್ ರದ್ದು ಮಾಡಲು ಒಪ್ಪಲಿಲ್ಲ. ಅದಕ್ಕೂ ಎರಡು ತಿಂಗಳು ಮೊದಲು ಅದೇ ಕೋರ್ಟಿನಲ್ಲಿ ಇನ್ನೊಂದು ಪ್ರಕರಣ. ಸೊಸೆಯ ಮೈಯಾಕಾರವನ್ನು ಅವಳ ಓರಗಿತ್ತಿ ಹೀಯಾಳಿಸಿದ್ದೂ, ಗಂಡ ಮತ್ತು ಗಂಡನ ಮನೆಯವರ ಕಿರುಕುಳಕ್ಕೆ ಶಿಕ್ಷೆ ಹೇಳುವ ಹಳೆಯ ಐಪಿಸಿಯ 498ಎ ಕಲಮಿನ ಕ್ರೌರ್ಯದ ವ್ಯಾಪ್ತಿಗೆ ಬರುತ್ತದೆ ಅಂತ ಹೇಳಿತು. ಒಂದು ಹೊಗಳಿಕೆ, ಒಂದು ತೆಗಳಿಕೆ. ನಮ್ಮ ಮನೆಯವರು ಇಂಥ ಪದ ಅಂಥ ಪದ ಅಂತ ಕಾದಾಡುತ್ತಿದ್ದರೆ, ಕೋರ್ಟಿಗೆ ಎರಡರಲ್ಲೂ ತಪ್ಪು ಕಂಡಿದೆ. ಯಾರನ್ನೂ ಕೋರ್ಟಿಗೆ ಎಳೆಯುವ ಉದ್ದೇಶ ನನಗಿಲ್ಲ. ಸೀರೆ ಚೆನ್ನಾಗಿದೆ ಅನ್ನು, ಮಾರ್ಕ್ಸ್ ಚೆನ್ನಾಗಿ ಬಂತಲ್ಲ ಅನ್ನು. ಅವಳ ಸೊಂಟದ ವಿಷಯ ನಿನಗೆ ಯಾಕೆ?

ಈಗ ಮನೆಯಲ್ಲಿ ಅಣ್ಣನ ದೊಡ್ಡ ಮಗಳಿಗೆ ಗಂಡು ಹುಡುಕುತ್ತಿದ್ದಾರೆ. ಮ್ಯಾಟ್ರಿಮೊನಿ ಆಪ್‌ನಲ್ಲಿ ಬಾಡಿ ಟೈಪ್ ಅಂತ ಒಂದು ಕಾಲಂ ಇದೆ: ಸ್ಲಿಮ್, ಆವರೇಜ್, ಅಥ್ಲೆಟಿಕ್, ಹೆವಿ. ಅತ್ತಿಗೆ ಫೋನ್ ಹಿಡಿದು ಆವರೇಜ್ ಒತ್ತಲೋ ಹೆವಿ ಒತ್ತಲೋ ಅಂತ ನನ್ನನ್ನು ಕೇಳಿದರು. ಮಗಳು ಪಕ್ಕದಲ್ಲೇ ಕೂತಿದ್ದಳು. ಅವಳನ್ನೇ ಕೇಳಿ ಅತ್ತಿಗೆ ಅಂದೆ. ಅವಳು ಫೋನ್ ಇಸಿದುಕೊಂಡು ಆ ಕಾಲಂ ಖಾಲಿ ಬಿಟ್ಟು ಮುಂದಿನ ಪುಟಕ್ಕೆ ಹೋದಳು. ಮೊನ್ನೆ ಒಂದು ಕಡೆಯವರು ಫೋನ್ ಮಾಡಿ ಹುಡುಗಿ ಹೇಗಿದ್ದಾಳೆ, ಸ್ವಲ್ಪ ದಪ್ಪವಾ ಅಂತ ವಿಚಾರಿಸಿದರಂತೆ. ಅಣ್ಣ ಏನು ಹೇಳಬೇಕೋ ತಿಳಿಯದೆ ಆಮೇಲೆ ಮಾಡ್ತೀನಿ ಅಂತ ಇಟ್ಟಿದ್ದಾನೆ. ಅಣ್ಣಾ, ಆ ನಂಬರ್ ನನಗೆ ಕಳಿಸು. ನಾನು ಮಾತಾಡುತ್ತೇನೆ.