ಹೊಸ ಪದ ಬಿಟ್ಟಿ ಆ್ಯಪಿಗೆ ಹಾಕಲಿಲ್ಲ ಅಂತ ಮೇಳದವರನ್ನ ಬೈಯಬೇಡ್ರಿ

ರಾಯಚೂರು ಕಡೆಯ ತತ್ವಪದದ ಮೇಳವೊಂದು ಹೊಸ ಆಲ್ಬಮ್ ಮಾಡಿದೆ. ಮೂರು ತಿಂಗಳು ಯಾವ ಆ್ಯಪ್‌ಗೂ ಕೊಡೋದಿಲ್ಲ, ಬೇಕಾದವರು ಪೆನ್‌ಡ್ರೈವ್ ತಗೊಳ್ಳಿ ಅಂತ ಪೋಸ್ಟ್ ಹಾಕಿದ್ದಾರೆ. ಅದರ ಕೆಳಗೆ ಜನ ಬರೆದದ್ದು ಓದಿ ಮೈ ಉರಿಯಿತು. "ಶರಣರ ಪದಕ್ಕ ರೊಕ್ಕ ಕೇಳ್ತೀರೇನ್ರಿ?" "ಯೂಟ್ಯೂಬ್‌ನಾಗ ಬಿಡ್ರಿ, ಕೇಳ್ತೀವಿ." ಪದ ಶರಣರದ್ದೇ, ಅದಕ್ಕೆ ಯಾರೂ ಒಡೆಯರಲ್ಲ. ಆದರೆ ಸ್ಟುಡಿಯೋ ಬಾಡಿಗೆ, ತಬಲಾದವರ ಸಂಭಾವನೆ, ಮಿಕ್ಸಿಂಗ್ ಖರ್ಚು ಮೇಳದವರ ಕೈಯಿಂದ ಹೋಗಿದೆ. ಆ ರೆಕಾರ್ಡಿಂಗ್ ಅವರದು. ಅದನ್ನ ಯಾವಾಗ, ಎಲ್ಲಿ ಬಿಡಬೇಕು ಅನ್ನೋದೂ ಅವರದೇ.

ಆ್ಯಪ್‌ಗಳಲ್ಲಿ ದುಡ್ಡು ಹೇಗೆ ಹಂಚುತ್ತಾರೆ ಅಂತ ಬೈಯುವವರಿಗೆ ಗೊತ್ತಿರಲಿ. ಒಂದು ಹಾಡಿಗೆ ಇಷ್ಟು ಪೈಸೆ ಅಂತ ನಿಗದಿ ಇಲ್ಲ. ಬಂದ ಆದಾಯದಲ್ಲಿ ಹಕ್ಕುದಾರರ ಪಾಲನ್ನ, ಒಟ್ಟು ಕೇಳುವಿಕೆಯಲ್ಲಿ ಯಾರದ್ದು ಎಷ್ಟು ಅಂತ ನೋಡಿ ಹಂಚುತ್ತಾರೆ. ಬಿಟ್ಟಿ ಕೇಳುವವರಿಂದ ಬರೋದು ಜಾಹೀರಾತಿನ ಹಣ ಮಾತ್ರ, ಅದು ತೀರಾ ಕಡಿಮೆ. ಹಾಡು ಕೇಳಿಸುವ ಸ್ಪಾಟಿಫೈ ಆ್ಯಪ್‌ನಲ್ಲಿ 30 ಸೆಕೆಂಡ್ ದಾಟಿದರೆ ಒಂದು ಎಣಿಕೆ. ಏಕತಾರಿ ಹಿಡಿದು ಹತ್ತು ನಿಮಿಷ ಹಾಡಿದ ಪದಕ್ಕೂ ಎರಡು ನಿಮಿಷದ ಡಿಜೆ ಹಾಡಿಗೂ ಒಂದೇ ಎಣಿಕೆ! 2024ರಿಂದ ಅಲ್ಲೇ ಇನ್ನೊಂದು ನಿಯಮ ಬಂತು: ಹಿಂದಿನ 12 ತಿಂಗಳಲ್ಲಿ 1000 ಸಲ ಕೇಳದ ಹಾಡಿಗೆ ರೆಕಾರ್ಡಿಂಗ್ ಪಾಲು ಒಂದು ಪೈಸೆಯೂ ಇಲ್ಲ. ಊರ ಮೇಳಗಳ ಎಷ್ಟೋ ಪದ ಈ ಗೆರೆ ದಾಟೋದೇ ಇಲ್ಲ.

ದೊಡ್ಡವರು ಇದನ್ನ ಯಾವಾಗಲೋ ಮಾಡಿದ್ದಾರೆ. ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ 2014ರ ನವೆಂಬರ್‌ನಲ್ಲಿ ಸ್ಪಾಟಿಫೈನಿಂದ ತಮ್ಮ ಆಲ್ಬಮ್‌ಗಳನ್ನ ತೆಗೆಸಿ, 2017ರ ಜೂನ್‌ವರೆಗೆ ವಾಪಸ್ ಕೊಡಲಿಲ್ಲ. ಇಂಗ್ಲೆಂಡಿನ ಗಾಯಕಿ ಅಡೆಲ್ 2015ರ ಆಲ್ಬಮನ್ನ ಏಳು ತಿಂಗಳು ತಡೆದರು. 2017ರಲ್ಲಿ ಯೂನಿವರ್ಸಲ್ ಅನ್ನೋ ದೊಡ್ಡ ಸಂಗೀತ ಕಂಪನಿ, ಹೊಸ ಆಲ್ಬಮ್ ಎರಡು ವಾರ ಹಣ ಕಟ್ಟಿದವರಿಗೆ ಮಾತ್ರ ಸಿಗುವ ಹಾಗೆ ಸ್ಪಾಟಿಫೈ ಜೊತೆ ಒಪ್ಪಂದ ಮಾಡಿಕೊಂಡಿತು. ನಮ್ಮ ಮೇಳದವರಿಗೆ ಅಂಥ ಒಪ್ಪಂದ ಎಲ್ಲಿಂದ ಬರಬೇಕು? ಆ್ಯಪ್‌ಗಳಿಗೆ ಹಾಡು ಕಳಿಸುವ ಡಿಸ್ಟ್ರಿಬ್ಯೂಟರ್ ಸೈಟಿನಲ್ಲಿ ಆ್ಯಪ್ ಆರಿಸಬಹುದು ಅಷ್ಟೇ, ಅದರೊಳಗೆ ಬಿಟ್ಟಿ ಕೇಳುವವರನ್ನ ಬೇರೆ ಮಾಡಲು ಆಗೋದಿಲ್ಲ. ಹಾಗಾಗಿ ಪೂರ್ತಿ ತಡೆಯೋದೊಂದೇ ದಾರಿ.

ತಡೆಯುವಾಗಲೂ ಕೆಲವು ಮೇಳದವರು ಎಡವುತ್ತಾರೆ. ಸ್ಪಾಟಿಫೈ ಬಿಟ್ಟು ಯೂಟ್ಯೂಬ್ ಮ್ಯೂಸಿಕ್‌ಗೆ ಟಿಕ್ ಹಾಕಿಬಿಡುತ್ತಾರೆ. ಅದಾದರೆ ಕವರ್ ಚಿತ್ರದ ಜೊತೆ ಇಡೀ ಆಲ್ಬಮ್ ಯೂಟ್ಯೂಬ್‌ನಲ್ಲಿ ತಾನಾಗಿಯೇ ಬಂದು ಕೂರುತ್ತದೆ, ಬಿಟ್ಟಿಯಾಗಿ. ತಡೆದದ್ದೆಲ್ಲ ನೀರುಪಾಲು.

"ಬಿಟ್ಟಿ ಇಲ್ಲದಿದ್ದರೆ ಹೊಸಬರು ಯಾರಿಗೆ ಗೊತ್ತಾಗ್ತಾರೆ? ಅಡೆಲ್‌ಗೆ ನಡೆಯುತ್ತೆ, ಇವರಿಗೆ ನಡೆಯಲ್ಲ" ಅಂತಾರೆ. ಅದಕ್ಕೇ ಒಂದು ಪದವನ್ನ ಸಿಂಗಲ್, ಅಂದರೆ ಬಿಡಿ ಹಾಡು ಮಾಡಿ ಎಲ್ಲ ಕಡೆ ಬಿಡಬೇಕು, ಉಳಿದವನ್ನ ತಡೆದಿಡಬೇಕು. ವಾಟ್ಸ್ಆ್ಯಪ್‌ನಲ್ಲಿ ಹಂಚಿಬಿಡ್ತಾರೆ ಅನ್ನೋ ಮಾತಿಗೂ ತೂಕವಿಲ್ಲ. ಹಂಚುವವನು ಆ್ಯಪ್‌ನಲ್ಲಿ ಇದ್ದರೂ ಹಂಚುತ್ತಾನೆ. ಕೊಳ್ಳುವವನು ಮಾತ್ರ, ಬಿಟ್ಟಿ ಸಿಕ್ಕರೆ ಕೊಳ್ಳೋದಿಲ್ಲ. ಗವಿಮಠದ ಜಾತ್ರೆಯಲ್ಲಿ ರೊಕ್ಕ ಕೊಟ್ಟು ಕ್ಯಾಸೆಟ್ ತಂದ ಜನ ನಾವೇ ಅಲ್ಲವೇ? ಆಗ ಯಾರೂ ಶರಣರ ಹೆಸರು ಎತ್ತಲಿಲ್ಲ.

ಪೆನ್‌ಡ್ರೈವ್ ಮಾಡುವ ಮೇಳದವರು ಗಮನಿಸಿ. 16 ಜಿಬಿ ಸಾಕು, ಫೈಲ್ ಜೋಡಿಸಿಡುವ ಹಳೇ ಬಗೆಯಾದ ಫ್ಯಾಟ್32ನಲ್ಲೇ ಫಾರ್ಮ್ಯಾಟ್ ಮಾಡಿ. ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ಆದರೆ ಟ್ರ್ಯಾಕ್ಟರ್, ಹಳೇ ಕಾರಿನ ಎಷ್ಟೋ ಸೆಟ್‌ಗಳು ಓದೋದಿಲ್ಲ, ಕೊಂಡವರು ಕೆಟ್ಟಿದೆ ಅಂತ ವಾಪಸ್ ತರುತ್ತಾರೆ. ಎಂಪಿ3 320 ಕೆಬಿಪಿಎಸ್ ಇರಲಿ. ಎಂಟು ನಿಮಿಷದ ಪದ ಸುಮಾರು 19 ಎಂಬಿ ಆಗುತ್ತದೆ. ಫೈಲ್ ಹೆಸರು 01, 02 ಅಂತ ಶುರು ಮಾಡಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ, ಆ ಸೆಟ್‌ಗಳಲ್ಲಿ ಕನ್ನಡ ಅಕ್ಷರ ಬರೀ ಚೌಕಗಳಾಗಿ ಕಾಣುತ್ತವೆ. ಮಾಸ್ಟರ್ ಮಾಡಿದ, ಅಂದರೆ ಕೊನೆಯದಾಗಿ ತಿದ್ದಿ ಮುಗಿಸಿದ, ವೇವ್ ಫೈಲನ್ನ ಎರಡು ಕಡೆ ಜೋಪಾನವಾಗಿಡಿ, ಆ್ಯಪ್‌ಗೆ ಹೋಗಬೇಕಾದದ್ದು ಅದು. ಮೂರು ತಿಂಗಳಾದ ಮೇಲೆ ಏರಿಸುವಾಗ, ಮೊದಲು ಬಿಟ್ಟ ಸಿಂಗಲ್‌ಗೆ ಅದೇ ಐಎಸ್‌ಆರ್‌ಸಿ ಸಂಖ್ಯೆ (ಪ್ರತಿ ರೆಕಾರ್ಡಿಂಗ್‌ಗೂ ಇರುವ ಗುರುತಿನ ಸಂಖ್ಯೆ) ಕೊಡಿ. ಹೊಸ ಸಂಖ್ಯೆ ಕೊಟ್ಟರೆ ಅದು ಬೇರೆ ಹಾಡಾಗಿ, ಹಳೇ ಎಣಿಕೆ ಜೊತೆ ಸೇರದೆ, ಮತ್ತೆ ಸೊನ್ನೆಯಿಂದ 1000 ಮುಟ್ಟಬೇಕಾಗುತ್ತದೆ.